ಸಾಹೇಬರ ಕಾದಂಬರಿಯನ್ನು ನಮ್ಮ ನೆಲದ ಮೇಲೆ ನಿಂತು ಓದಿ



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಇಂಗ್ಲಿಷ್ ಸಾಹಿತ್ಯ ಓದಲು ಹೊರಟ ನಿಮಗೆ ಈ ನಾಲ್ಕು ಮಾತು. ಇಂಗ್ಲಿಷ್ ಪಾಠ ಹೇಳಿಯೇ ಅನ್ನ ಉಂಡವನು ನಾನು. ಆ ಭಾಷೆಯ ಋಣ ನನ್ನ ಮೇಲಿದೆ. ಅದರ ಮೇಲೆ ಸಿಟ್ಟಿಲ್ಲದವನೇ ಈ ಮಾತು ಹೇಳಲಿ ಎಂದು ಬರೆಯುತ್ತಿದ್ದೇನೆ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಅವರು ಬರೆದ ಕಾದಂಬರಿ ಕೈಗೆ ಬಂದಾಗ, ದೊಡ್ಡ ಹೆಸರು ಎಂದು ತಲೆಬಾಗಬೇಡಿ. ಪರಂಗಿಯವರದು ಎಂದು ಮುಚ್ಚಿಯೂ ಇಡಬೇಡಿ. ಹುಟ್ಟಿದ ಊರಿನ ನೆಲದ ಮೇಲೆ ನಿಂತು, ಗಟ್ಟಿ ಮನಸ್ಸಿನಿಂದ ಓದಿ. ಹಾಗೆ ಓದುವುದೆಂದರೆ ಏನು ಎಂಬುದನ್ನು ಒಬ್ಬ ಲೇಖಕನನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಅವನ ಹೆಸರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 1824ರಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದು, ಹೈದರಾಬಾದಿನ ನಿಜಾಮರ ಸೈನ್ಯ ಸೇರಿದವನು. ನಮ್ಮ ಪಕ್ಕದ ಸುರಪುರ ಸಂಸ್ಥಾನವನ್ನು 1840ರ ದಶಕದಿಂದ 1853ರವರೆಗೆ ನೋಡಿಕೊಂಡವನು ಇವನೇ. ಅವನ ಬಂಗಲೆ ‘ಟೇಲರ್ ಮಂಜಿಲ್’ ಸುರಪುರದಲ್ಲಿ ಇಂದಿಗೂ ಇದೆ. ನಮ್ಮ ಸೀಮೆಗೂ ಅವನಿಗೂ ಇನ್ನೊಂದು ನಂಟಿದೆ. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪ ಕುರಿತು 1866ರಲ್ಲಿ ಲಂಡನ್ನಿನಲ್ಲಿ ಒಂದು ದೊಡ್ಡ ಫೋಟೋ ಪುಸ್ತಕ ಪ್ರಕಟವಾಯಿತು. ಅದರಲ್ಲಿ ಗದಗ, ಲಕ್ಕುಂಡಿಯ ಗುಡಿಗಳ ಚಿತ್ರಗಳಿವೆ. ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು, ಇತಿಹಾಸದ ಭಾಗ ಟೇಲರನದು. ಹೀಗೆ ನಮ್ಮನ್ನು ಕಂಡು, ನಮ್ಮ ಬಗ್ಗೆ ಬರೆದು, ಜಗತ್ತಿಗೆ ಹೇಳಿದವನು ಅವನು. ಅವನು ಹೇಳಿದ್ದು ನಿಜವೇ ಎಂದು ಕೇಳುವ ಹಕ್ಕು ನಮ್ಮದು.

ಟೇಲರ್ ಬರೆದ ಅತಿ ಪ್ರಸಿದ್ಧ ಕಾದಂಬರಿ ‘ಕನ್ಫೆಶನ್ಸ್ ಆಫ್ ಎ ಥಗ್’. ರಜೆಯ ಮೇಲೆ ತಾಯ್ನಾಡಿಗೆ ಹೋಗಿದ್ದಾಗ 1839ರಲ್ಲಿ ಪ್ರಕಟಿಸಿದ ಪುಸ್ತಕ ಅದು. ವಿಕ್ಟೋರಿಯಾ ರಾಣಿ ಅಚ್ಚಾಗುತ್ತಿದ್ದ ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂಬ ಮಾತು ಇಂಗ್ಲಿಷ್ ಸಾಹಿತ್ಯದ ಚರಿತ್ರೆಯಲ್ಲಿ ಸೇರಿಹೋಗಿದೆ. ಕಥೆಯ ನಾಯಕ ಅಮೀರ್ ಅಲಿ. ದಾರಿಹೋಕರ ಕೊರಳಿಗೆ ಕರವಸ್ತ್ರ ಬಿಗಿದು ಕೊಲ್ಲುವ ಥಗ್ಗರ ಗುಂಪಿನವನು. 719 ಕೊಲೆಗಳಲ್ಲಿ ತನ್ನ ಕೈಯಿದೆ ಎಂದು ಸೆರೆಮನೆಯಲ್ಲಿ ಕುಳಿತು ಹೇಳಿಕೊಳ್ಳುತ್ತಾನೆ. ಎದುರಿಗೆ ಕುಳಿತು ಕೇಳಿ ಬರೆದುಕೊಳ್ಳುವವನು ಒಬ್ಬ ಸಾಹೇಬ. ಸಾಹೇಬನಿಗೆ ಕಥೆಯಲ್ಲಿ ಹೆಸರಿಲ್ಲ, ಮಾತೂ ಕಡಿಮೆ. ಆದರೆ ಲೇಖನಿ ಅವನ ಕೈಯಲ್ಲಿದೆ.

ನನ್ನ ಮೊದಲ ಕಿವಿಮಾತು ಇಲ್ಲೇ ಇದೆ. ಯಾವ ಕಾದಂಬರಿ ಓದಿದರೂ ಮಾತನಾಡುತ್ತಿರುವವನು ಯಾರು, ಯಾರ ಮುಂದೆ, ಯಾವ ಭಯದಲ್ಲಿ ಎಂದು ಕೇಳಿಕೊಳ್ಳಿ. ಅಮೀರ್ ಅಲಿ ಮಾಫಿ ಸಾಕ್ಷಿ. ಥಗ್ಗರನ್ನು ಹಿಡಿಯಲು ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್ ನಡೆಸಿದ ಕಾರ್ಯಾಚರಣೆ ನಿಂತಿದ್ದೇ ಇಂಥ ಮಾಫಿ ಸಾಕ್ಷಿಗಳ ಹೇಳಿಕೆಗಳ ಮೇಲೆ. ಸಂಗಡಿಗರ ಹೆಸರು ಹೇಳಿದರೆ ಗಲ್ಲು ತಪ್ಪುತ್ತಿತ್ತು. ಹಾಗಿರುವಾಗ ಸರಪಳಿ ತೊಟ್ಟವನ ಬಾಯಿಂದ ಬಂದ ಮಾತೆಲ್ಲ ಮುಕ್ತ ಮನಸ್ಸಿನದು ಎಂದು ಹೇಗೆ ನಂಬುವುದು? ಆ ಕಾಲದಲ್ಲಿ ದಾರಿಯ ಮೇಲೆ ದರೋಡೆ, ಕೊಲೆ ನಡೆಯುತ್ತಿದ್ದವು, ಅಮಾಯಕ ಪ್ರಯಾಣಿಕರು ಸತ್ತರು. ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಬಡತನ, ಬರ, ಸೈನ್ಯಗಳು ಚದುರಿ ಕೂಳಿಲ್ಲದೆ ಅಲೆದ ಸಿಪಾಯಿಗಳು ಇವೆಲ್ಲ ಹಿಂದೆ ಸರಿದು, ದೇಶಕ್ಕೆಲ್ಲ ಹಬ್ಬಿದ ಒಂದೇ ಗುಪ್ತ ಧರ್ಮ, ಹುಟ್ಟಿನಿಂದಲೇ ಬರುವ ಕೊಲೆಗಡುಕತನ ಎಂಬ ಚಿತ್ರ ಮುಂದೆ ಬಂತು. ಇತ್ತೀಚಿನ ಇತಿಹಾಸಕಾರರು ಪ್ರಶ್ನಿಸುತ್ತಿರುವುದು ಆ ಚಿತ್ರವನ್ನು.

ಶಿರಹಟ್ಟಿಯ ಮಕ್ಕಳಿಗೆ ಈ ಕಾದಂಬರಿಯ ಒಂದು ಸಂಗತಿ ತಟ್ಟನೆ ಕಣ್ಣಿಗೆ ಬೀಳಬೇಕು. ಅಮೀರ್ ಅಲಿ ಮುಸಲ್ಮಾನ. ಅವನು ಭವಾನಿಗೆ ನಡೆದುಕೊಳ್ಳುತ್ತಾನೆ. ಲಂಡನ್ನಿನ ಓದುಗನಿಗೆ ಇದು ಮೈನಡುಕದ ವಿಚಿತ್ರ. ಎರಡು ಧರ್ಮದವರು ಒಂದೇ ದೇವರ ಮುಂದೆ ಕೂಡಿದರೆ ಅದು ಪಾಪಕ್ಕಾಗಿಯೇ ಇರಬೇಕು ಎಂಬ ಭಾವನೆಯನ್ನು ಕಥೆ ಅವನಲ್ಲಿ ಬಿತ್ತುತ್ತದೆ. ನಿಮ್ಮೂರ ಫಕೀರೇಶ್ವರ ಮಠದ ಅಂಗಳದಲ್ಲಿ ಬೆಳೆದ ನಿಮಗೆ ಹಿಂದೂ ಮುಸಲ್ಮಾನರು ಒಂದೇ ಗದ್ದುಗೆಗೆ ಹಣೆ ಹಚ್ಚುವುದು ದಿನನಿತ್ಯದ ಮಾತು. ಲಂಡನ್ನಿನವನು ಬೆಚ್ಚಿದ ಜಾಗದಲ್ಲಿ ನೀವು ಬೆಚ್ಚಬೇಕಿಲ್ಲ. ಯಾವ ವಿಶ್ವವಿದ್ಯಾಲಯದ ಗೈಡಿನಲ್ಲೂ ಸಿಗದ ತಿಳಿವಳಿಕೆ ಇದು. ನಿಮ್ಮ ಊರು ನಿಮಗೆ ಕೊಟ್ಟಿದೆ, ಅದನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯಲು ಸಂಕೋಚಪಡಬೇಡಿ.

ಆದರೂ ಇದು ಬರೀ ಪ್ರಚಾರದ ಪುಸ್ತಕವೆಂದು ತಳ್ಳಿಹಾಕುವಂತಿಲ್ಲ. ನೀವು ಹುಲಿಯ ಬೆನ್ನು ಹತ್ತಿ ಬೇಟೆಯಾಡಿ ಸಂತೋಷಪಡುತ್ತೀರಲ್ಲ, ನಮ್ಮದೂ ಅಂಥದೇ, ಇನ್ನೂ ದೊಡ್ಡ ಬೇಟೆ ಎಂಬರ್ಥದ ಮಾತನ್ನು ಅಮೀರ್ ಅಲಿ ಒಂದು ಕಡೆ ಸಾಹೇಬನ ಮುಖಕ್ಕೇ ಹೇಳುತ್ತಾನೆ. ಸಾಹೇಬನಿಗೆ ಅಲ್ಲಿ ಸರಿಯಾದ ಉತ್ತರ ಸಿಗುವುದಿಲ್ಲ. ಆಳುವವನೂ ಅಪರಾಧಿಯೂ ಒಂದು ಕ್ಷಣ ಒಂದೇ ತಕ್ಕಡಿಯಲ್ಲಿ ಕೂರುತ್ತಾರೆ. ಟೇಲರ್ ತಿಳಿದು ಬರೆದನೋ ತಿಳಿಯದೆ ಬರೆದನೋ, ಒಳ್ಳೆಯ ಕಾದಂಬರಿಕಾರನ ಕೈ ಅವನ ಸರ್ಕಾರದ ನಂಬಿಕೆಗಿಂತ ಮುಂದೆ ಹೋಗಿಬಿಡುತ್ತದೆ. ಅಂಥ ಜಾಗಗಳನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಸಾಮ್ರಾಜ್ಯದ ವಿಮರ್ಶೆ ಎಷ್ಟೋ ಸಲ ಸಾಮ್ರಾಜ್ಯದ ಪುಸ್ತಕದ ಒಳಗೇ ಇರುತ್ತದೆ.

ಕಥೆಯೇನೋ ಕಥೆ, ಅದರಿಂದ ಯಾರಿಗೆ ಏನಾದೀತು ಎಂದು ನೀವು ಕೇಳಬಹುದು. ಬೆಟಗೇರಿಯ ಮಕ್ಕಳೇ ಇದಕ್ಕೆ ಉತ್ತರ ಕೊಡಬಲ್ಲರು. 1836ರ ಕಾಯ್ದೆಯ ಪ್ರಕಾರ ಥಗ್ಗರ ಗುಂಪಿಗೆ ಯಾವಾಗಲಾದರೂ ಸೇರಿದ್ದನೆಂದು ತೋರಿಸಿದರೆ ಸಾಕಿತ್ತು, ಜೀವಾವಧಿ ಶಿಕ್ಷೆ. ಅವನೇ ಇಂಥ ಕೊಲೆ ಮಾಡಿದನೆಂದು ಸಾಬೀತಾಗಬೇಕಿರಲಿಲ್ಲ. ಮಾಡಿದ ಕೆಲಸಕ್ಕಿಂತ ಸೇರಿದ ಗುಂಪನ್ನು ನೋಡಿ ಶಿಕ್ಷಿಸುವ ಈ ರೂಢಿಯೇ ಮುಂದೆ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಗೆ ದಾರಿಯಾಯಿತು. ಆ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. 1911ರಲ್ಲಿ ಅದನ್ನು ಬಿಗಿಗೊಳಿಸಿ ದೇಶಕ್ಕೆಲ್ಲ ಹಬ್ಬಿಸಿದ ಮೇಲೆ ಮುಂಬಯಿ ಸರ್ಕಾರ ಹುಬ್ಬಳ್ಳಿ, ಬಾಗಲಕೋಟೆ, ಸೊಲ್ಲಾಪುರಗಳಂತೆ ನಮ್ಮ ಗದಗ-ಬೆಟಗೇರಿಯಲ್ಲೂ ಸೆಟ್ಲಮೆಂಟ್ ತೆರೆಯಿತು. ಅಲೆಮಾರಿ ಜನರನ್ನು ತಂದು ಅಲ್ಲಿ ಕೂಡಿಹಾಕಿದರು. ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಬೇಕು. ಕಳ್ಳತನವನ್ನೇ ಮಾಡದ ಹೆಂಗಸರು, ಮುದುಕರು, ಆಗತಾನೆ ಹುಟ್ಟಿದ ಕೂಸುಗಳು ಎಲ್ಲರಿಗೂ ಒಂದೇ ಹಣೆಪಟ್ಟಿ. ಮುಂಬಯಿ ಪ್ರಾಂತದಲ್ಲಿ 1949ರಲ್ಲಿ, ದೇಶಾದ್ಯಂತ 1952ರ ಆಗಸ್ಟ್ 31ರಂದು ಆ ಕಾಯ್ದೆ ಹೋಯಿತು. ಆ ದಿನವನ್ನು ವಿಮುಕ್ತ ಸಮುದಾಯಗಳು ಇಂದಿಗೂ ತಮ್ಮ ಬಿಡುಗಡೆಯ ದಿನವೆಂದು ಆಚರಿಸುತ್ತವೆ.

ಒಂದು ಕಾದಂಬರಿಯಿಂದಲೇ ಇದೆಲ್ಲ ಆಯಿತೆಂದು ನಾನು ಹೇಳುವುದಿಲ್ಲ. ಕಾಯ್ದೆ ಮಾಡಿದವರು ಬೇರೆ, ಅದನ್ನು ನಡೆಸಿದವರು ಬೇರೆ. ಆದರೆ ಇಂಥ ಕಾಯ್ದೆ ಸರಿ ಎಂದು ಓದುವ ಜನರಿಗೆ ಅನಿಸಬೇಕಾದರೆ ಅವರ ಮನಸ್ಸಿನಲ್ಲಿ ಮೊದಲು ಒಂದು ಚಿತ್ರ ಕೂರಬೇಕು. ಆ ಚಿತ್ರ ಬರೆಯುವ ಕೆಲಸವನ್ನು ಕಥೆ ಮಾಡುತ್ತದೆ. ನೀವು ಕಾದಂಬರಿಯನ್ನು ಎಚ್ಚರದಿಂದ ಓದಬೇಕಾದ್ದು ಇದಕ್ಕೇ.

ನನ್ನ ಎರಡನೆಯ ಮಾತು ಪ್ರೀತಿಯ ಬಗ್ಗೆ. ಕ್ರೂರಿಯಾದ ಆಳರಸನನ್ನು ಗುರುತಿಸುವುದು ಸುಲಭ. ಅಕ್ಕರೆಯಿಂದ ಆಳಿದವನನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ಟೇಲರ್ ಅಕ್ಕರೆಯವನು. ಇಲ್ಲಿಯ ಭಾಷೆಗಳನ್ನು ಕಲಿತ, ಜನರೊಂದಿಗೆ ಬೆರೆತ, ಸುರಪುರದ ಎಳೆಯ ರಾಜ ವೆಂಕಟಪ್ಪ ನಾಯಕನನ್ನು ಮಗನಂತೆ ಕಂಡ. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದೇ ಹುಡುಗ ದೊಡ್ಡವನಾಗಿ 1858ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೈನ್ಯದ ಮೇಲೆ ಎದ್ದ, ಸೋತ, ಸೆರೆಸಿಕ್ಕ. ಸೆರೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತ. 1860ರಲ್ಲಿ ಸುರಪುರ ಸಂಸ್ಥಾನವೇ ನಿಜಾಮರ ಪಾಲಾಯಿತು.

ಟೇಲರ್ ಇದಕ್ಕೆ ನಿಜವಾಗಿಯೂ ನೊಂದ. ಆದರೆ ಕಾರಣ ಹೇಳುವಾಗ ಅವನಿಗೆ ಕಂಡದ್ದು ಕೆಟ್ಟ ಸಹವಾಸ, ಕೆಟ್ಟ ಸಲಹೆಗಾರರು, ಹುಡುಗನ ಚಂಚಲ ಸ್ವಭಾವ. ಒಂದು ನಾಡಿನ ಅರಸನಿಗೆ ತನ್ನ ನಾಡು ತನ್ನದಾಗಿಯೇ ಉಳಿಯಬೇಕೆಂಬ ಆಸೆ ಇರಬಹುದೆಂಬ ಸರಳ ವಿಚಾರಕ್ಕೆ ಅವನ ಅಕ್ಕರೆಯಲ್ಲಿ ಜಾಗ ಇರಲಿಲ್ಲ. ನಿಮ್ಮನ್ನು ಪ್ರೀತಿಸುತ್ತೇನೆ, ಆದರೆ ನಿಮ್ಮ ಮನೆಯ ಯಜಮಾನಿಕೆ ನನ್ನಲ್ಲೇ ಇರಲಿ ಎಂಬ ಪ್ರೀತಿ ಅದು. ಬ್ರಿಟಿಷರ ಅನೇಕ ಒಳ್ಳೆಯ ಕಾದಂಬರಿಗಳ ತಳದಲ್ಲಿ ಇದೇ ಪ್ರೀತಿ ಇದೆ. ಅದರ ಬಿಸಿ ತಾಗಿ ಕರಗುವ ಮೊದಲು ಯಜಮಾನಿಕೆ ಯಾರ ಕೈಯಲ್ಲಿ ಉಳಿಯಿತು ಎಂದು ನೋಡಿ.

ಅವನ ಇನ್ನೊಂದು ಕಾದಂಬರಿ ‘ಸೀತಾ’. ಪ್ರಕಟವಾದದ್ದು 1872ರಲ್ಲಿ. 1857ರ ದಂಗೆಯ ಕಾಲದ ಕಥೆ. ಸಿರಿಲ್ ಬ್ರಾಂಡನ್ ಎಂಬ ಇಂಗ್ಲಿಷ್ ಅಧಿಕಾರಿ ಸೀತಾ ಎಂಬ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ಆ ಕಾಲಕ್ಕೆ ಇದು ಧೈರ್ಯದ ಕಥೆ, ಅದರ ಗೌರವ ಲೇಖಕನಿಗೆ ಸಲ್ಲಲಿ. ಆದರೆ ಕೊನೆಗೆ ಸೀತಾ ಗಂಡನನ್ನು ಉಳಿಸಲು ಹೋಗಿ ಪ್ರಾಣ ಬಿಡುತ್ತಾಳೆ, ಆಮೇಲೆ ಅವನು ತನ್ನ ಕುಲದ ಹೆಣ್ಣನ್ನೇ ಮದುವೆಯಾಗುತ್ತಾನೆ. ನಮ್ಮ ಹೆಣ್ಣುಮಗಳ ಒಳ್ಳೆಯತನ ಸಾಬೀತಾಗುವುದು ಅವಳ ಸಾವಿನಲ್ಲಿ. ಇನ್ನು ದಂಗೆಯೇಳುವವನಾದರೂ ಯಾರು? ಅಜ್ರೇಲ್ ಪಾಂಡೆ, ಮೊದಲೇ ದರೋಡೆಕೋರ, ಕೊಲೆಗಾರ. ಸರ್ಕಾರಕ್ಕೆ ಎದುರು ನಿಲ್ಲುವವನು ಕಳ್ಳನೇ ಆಗಿರುತ್ತಾನೆ ಎಂಬ ಮಾತನ್ನು ಕಥೆ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ, ಪಾತ್ರದೊಳಗೆ ಕೂರಿಸಿ ತೋರಿಸುತ್ತದೆ.

ಈಗ ಮುಂಡರಗಿಯ ಮಕ್ಕಳು ಎದ್ದು ನಿಲ್ಲಬೇಕು. ನಿಮ್ಮ ಊರಿನ ಭೀಮರಾವ್ ಕಂಪನಿ ಸರ್ಕಾರದಲ್ಲೇ ಮಾಮಲೇದಾರನಾಗಿದ್ದವನು. ಕಾಗದಪತ್ರ ಬಲ್ಲವನು, ಸರ್ಕಾರದ ಒಳಹೊರಗು ಕಂಡವನು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಬಂದ ಮೇಲೆ ಆಯುಧ ಒಪ್ಪಿಸಬೇಕೆಂಬ ಹುಕುಂ, ದತ್ತಕಕ್ಕೆ ಒಪ್ಪಿಗೆ ಇಲ್ಲವೆಂಬ ನಿರಾಕರಣೆ, ಇನಾಂ ಜಮೀನುಗಳ ತನಿಖೆ, ಇವು ಈ ಸೀಮೆಯ ದೇಸಾಯರನ್ನೂ ಗೌಡರನ್ನೂ ರೊಚ್ಚಿಗೆಬ್ಬಿಸಿದ್ದವು. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೆಂಚನಗೌಡನ ಕಡೆ ಕೂಡಿಟ್ಟ ಆಯುಧಗಳು ಸರ್ಕಾರದ ಕಣ್ಣಿಗೆ ಬಿದ್ದವು. 1858ರ ಮೇ ಕೊನೆಯಲ್ಲಿ ಭೀಮರಾವ್, ಕೆಂಚನಗೌಡ ಇಬ್ಬರೂ ಎದ್ದರು. ಡಂಬಳದ ಖಜಾನೆ ವಶಪಡಿಸಿಕೊಂಡು, ಆಗ ನಿಜಾಮರ ಸೀಮೆಗೆ ಸೇರಿದ್ದ ಕೊಪ್ಪಳದ ಕೋಟೆ ಹಿಡಿದರು. ಜೂನ್ 1ರಂದು ಬ್ರಿಟಿಷ್ ಪಡೆ ಕೋಟೆಗೆ ನುಗ್ಗಿದಾಗ ಇಬ್ಬರೂ ಕಾದಾಡಿ ಸತ್ತರು. ಅದೇ ದಿನಗಳಲ್ಲಿ ನರಗುಂದದ ಅರಸ ಬಾಬಾಸಾಹೇಬ ಎದ್ದು, ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಂದ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು.

ಅಜ್ರೇಲ್ ಪಾಂಡೆಯ ಪಕ್ಕದಲ್ಲಿ ಭೀಮರಾವನನ್ನು ನಿಲ್ಲಿಸಿ ನೋಡಿ. ಒಬ್ಬನು ಮೊದಲೇ ದರೋಡೆಕೋರ. ಇನ್ನೊಬ್ಬನು ಓದುಬರಹ ಬಲ್ಲ ಅಧಿಕಾರಿ. ಅವನಿಗೆ ಕಾರಣಗಳಿದ್ದವು, ಸಂಗಡಿಗರಿದ್ದರು, ಲೆಕ್ಕಾಚಾರವಿತ್ತು, ಸೋಲೂ ಇತ್ತು. ಕಾದಂಬರಿ ಯಾವುದನ್ನು ಬಿಟ್ಟಿತು ಎಂಬುದು ಆಗ ತಾನಾಗಿ ಕಾಣುತ್ತದೆ. ಪುಸ್ತಕದ ಒಳಗೇ ಎಷ್ಟು ಹುಡುಕಿದರೂ ಪುಸ್ತಕ ಬಿಟ್ಟದ್ದು ಸಿಗಲಾರದು. ಅದಕ್ಕೆ ಹೊರಗಿನ ಒಂದು ಸಾಕ್ಷಿ ಬೇಕು, ಮತ್ತು ಆ ಸಾಕ್ಷಿ ನಿಮ್ಮ ತಾಲೂಕಿನಲ್ಲೇ ಇದೆ.

ಇನ್ನೊಂದು ಸಾಕ್ಷಿ ನೀವು ಶಾಲೆಯಲ್ಲೇ ಓದಿದ ಹಲಗಲಿ ಬೇಡರ ಲಾವಣಿ. ಆಯುಧ ಕೊಡುವುದಿಲ್ಲವೆಂದು 1857ರಲ್ಲಿ ಎದ್ದ ಬೇಡರ ನೋವು ಅದರಲ್ಲಿ ಅವರ ಕಡೆಯಿಂದಲೇ ಕೇಳಿಸುತ್ತದೆ. ಹತ್ಯಾರ ಕಸಿದುಕೊಂಡರೆ ಬದುಕೇ ಹೋಯಿತೆಂಬ ಸಂಕಟವನ್ನು ಯಾವ ಇಂಗ್ಲಿಷ್ ಕಾದಂಬರಿಯೂ ನಮಗೆ ಹಾಗೆ ಹೇಳಿಲ್ಲ. ಆದರೆ ಇದನ್ನೂ ಮರೆಯಬೇಡಿ: ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ತಂದವನು ಜಾನ್ ಫೇತ್‌ಫುಲ್ ಫ್ಲೀಟ್, ಬ್ರಿಟಿಷ್ ಸರ್ಕಾರದ ಅಧಿಕಾರಿ. ಲಕ್ಷ್ಮೇಶ್ವರದ ಶಾಸನಗಳನ್ನು ಓದಿ ಪ್ರಕಟಿಸಿ, ಆ ಊರಿನ ಹಳೆಯ ರೂಪವಾದ ಪುಲಿಗೆರೆಯನ್ನು ವಿದ್ವಾಂಸರ ಲೋಕಕ್ಕೆ ತೋರಿಸಿದವರಲ್ಲಿ ಅವನೂ ಒಬ್ಬ. ಅಲ್ಲಿನ ಸೋಮೇಶ್ವರ ಗುಡಿಯ ಪ್ರಾಕಾರದಲ್ಲಿ ಓಡಾಡುವ ನೀವು ಆ ಪರಿಶ್ರಮಕ್ಕೆ ಕೃತಜ್ಞರಾಗಿರಬೇಕು.

ಹಾಗಾಗಿ ಮೂರನೆಯ ಮಾತು, ಬೇರ್ಪಡಿಸಲು ಕಲಿಯಿರಿ. ನಮ್ಮ ಊರುಗಳ ಜಿನ್ನಿನಲ್ಲಿ ಅರಳೆ ಒಂದು ಕಡೆ, ಬೀಜ ಒಂದು ಕಡೆ ಬೀಳುವಂತೆ ಓದಿನಲ್ಲೂ ಆಗಬೇಕು. ಟೇಲರನ ಕಣ್ಣಿನ ಸೂಕ್ಷ್ಮತೆ, ಫ್ಲೀಟನ ಶ್ರದ್ಧೆ, ಫರ್ಗುಸನ್ನನ ಅಳತೆಯ ಶಿಸ್ತು ನಮಗೆ ಬೇಕು. ಭಾರತದ ಕಲೆ ಹಳೆಯ ಕಾಲದಲ್ಲೇ ಶಿಖರ ಮುಟ್ಟಿ ಆಮೇಲೆ ಇಳಿಯುತ್ತಲೇ ಬಂತು ಎಂಬ ಫರ್ಗುಸನ್ನನ ತೀರ್ಮಾನ ಬೇಡ. ಕಲ್ಲನ್ನು ಹೊಗಳಿ, ಆ ಕಲ್ಲು ಕೆತ್ತಿದವರ ಮೊಮ್ಮಕ್ಕಳಿಗೆ ಏನೂ ಬಾರದು ಎನ್ನುವುದು ಆಳುವವರಿಗೆ ಅನುಕೂಲದ ಮಾತು. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು ಅದೇ ಗತಕಾಲವನ್ನು ಬೇರೆ ಕೆಲಸಕ್ಕೆ ಹಚ್ಚಿದರು, ಮಲಗಿದ್ದವರನ್ನು ಎಬ್ಬಿಸಲು ಬಳಸಿದರು. ಪರರು ಬರೆದ ಚರಿತ್ರೆಗೆ ಉತ್ತರ ಕೊಡುವುದೆಂದರೆ ಕೂತು ಬೈಯುವುದಲ್ಲ, ಎದ್ದು ಬರೆಯುವುದು ಎಂಬುದಕ್ಕೆ ಅವರೇ ನಮ್ಮ ಮೇಲ್ಪಂಕ್ತಿ.

ಈ ಬಗೆಯ ಓದು ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಜೋಸೆಫ್ ಕಾನ್ರಾಡ್ ‘ಹಾರ್ಟ್ ಆಫ್ ಡಾರ್ಕ್‌ನೆಸ್’ನಲ್ಲಿ ಕಾಂಗೋದ ದಂತ ವ್ಯಾಪಾರದ ಕ್ರೌರ್ಯವನ್ನು ಬಯಲಿಗೆಳೆದ. ಆದರೂ ಆಫ್ರಿಕನ್ನರು ಅಲ್ಲಿ ಮಾತಿಲ್ಲದ ನೆರಳುಗಳಾಗಿ ಉಳಿದರೆಂದು ನೈಜೀರಿಯಾದ ಚಿನುವ ಅಚಿಬೆ 1975ರ ಉಪನ್ಯಾಸದಲ್ಲಿ ಎದ್ದು ನಿಂತು ಹೇಳಿದರು. ಇ.ಎಂ. ಫಾರ್ಸ್ಟರ್ 1924ರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ, ಆಳುವವನೂ ಆಳಿಸಿಕೊಳ್ಳುವವನೂ ಸ್ನೇಹಿತರಾಗಿ ಉಳಿಯಲು ಸಾಧ್ಯವೇ ಎಂದು ಕೇಳಿ, ಈಗ ಆಗದು ಎಂಬಲ್ಲಿ ನಿಲ್ಲಿಸಿದ. ಬರ್ಮಾದಲ್ಲಿ ಪೊಲೀಸ್ ಕೆಲಸ ಮಾಡಿದ ಜಾರ್ಜ್ ಆರ್ವೆಲ್ 1934ರ ‘ಬರ್ಮೀಸ್ ಡೇಸ್’ನಲ್ಲಿ ತನ್ನವರ ಕ್ಲಬ್ಬಿನ ಕೊಳಕನ್ನೇ ಬರೆದ. ಎಡ್ವರ್ಡ್ ಸಯೀದ್ 1993ರ ‘ಕಲ್ಚರ್ ಅಂಡ್ ಇಂಪೀರಿಯಲಿಸಂ’ನಲ್ಲಿ, ಇಂಥ ಕಾದಂಬರಿಗಳ ಸೊಗಸನ್ನು ಸವಿಯುತ್ತಲೇ ಅವು ಯಾವ ಸಾಮ್ರಾಜ್ಯದ ಮೇಲೆ ನಿಂತಿವೆ ಎಂಬುದನ್ನೂ ಕಾಣಬೇಕೆಂದು ತೋರಿಸಿದರು. ಇವರನ್ನೆಲ್ಲ ಓದಿ. ಆದರೆ ಇವರ ಮಾತನ್ನು ಬಾಯಿಪಾಠ ಮಾಡಿ ಒಪ್ಪಿಸಬೇಡಿ. ಅಚಿಬೆ ತನ್ನ ಜನರ ಪರವಾಗಿ ಕೇಳಿದ ಪ್ರಶ್ನೆಯನ್ನು ನೀವು ಹಮ್ಮಿಗಿಯ ಪರವಾಗಿ, ಬೆಟಗೇರಿಯ ಪರವಾಗಿ ಕೇಳಬೇಕು.

ನಾಲ್ಕನೆಯ ಮಾತು ನಿಮಗೆ ಕಹಿಯಾಗಬಹುದು, ಆದರೂ ಹೇಳಲೇಬೇಕು. ಸಾಹೇಬ ಹೋದ, ಅವನ ಕಣ್ಣು ನಮ್ಮಲ್ಲಿ ಉಳಿದಿದೆ. ಊರಲ್ಲಿ ಕಳವಾದರೆ ಮೊದಲ ಸಂಶಯ ಯಾವ ಓಣಿಯ ಕಡೆ ಹೋಗುತ್ತದೆ? ಸೆಟ್ಲಮೆಂಟಿನ ಹುಡುಗ ಎಂದು ಗೊತ್ತಾದ ಕೂಡಲೇ ಕೆಲಸ ಕೊಡುವವನ ಮುಖ ಏಕೆ ಬದಲಾಗುತ್ತದೆ? ಬಾಡಿಗೆ ಮನೆ ಕೇಳಲು ಬಂದವರ ಜಾತಿ ಕೇಳುವವರು ಯಾರು? ಒಂದು ಗುಂಪಿನವರನ್ನೆಲ್ಲ ಕೊಲೆಗಾರರೆಂದು ಚಿತ್ರಿಸಿದ ಟೇಲರನನ್ನು ತರಗತಿಯಲ್ಲಿ ಖಂಡಿಸಿ, ಸಂಜೆ ಅದೇ ಮಾತನ್ನು ನೆರೆಯವನ ಬಗ್ಗೆ ಆಡಿದರೆ ಆ ಓದು ವ್ಯರ್ಥ. ಅಂಥ ಓಣಿಯಿಂದ ಬಂದ ಗೆಳೆಯ ಗೆಳತಿಯರು ನಿಮ್ಮ ಪಕ್ಕದ ಬೆಂಚಿನಲ್ಲಿದ್ದರೆ, ಅವರ ಅಜ್ಜ ಅಜ್ಜಿಯರ ಕಥೆಯನ್ನು ಅವರೇ ಬರೆಯಲಿ. ನೀವು ಗೌರವದಿಂದ ಓದಿ. ಅವರು ಬರೆದ ದಿನ ಸಾಹೇಬನ ಕೈಯಲ್ಲಿದ್ದ ಲೇಖನಿ ನಿಜವಾಗಿಯೂ ಕೈ ಬದಲಾಯಿಸಿತೆಂದು ತಿಳಿಯಿರಿ.

ನಮ್ಮವರ ತಪ್ಪುಗಳನ್ನೂ ಮುಚ್ಚಬೇಡಿ. 1858ರ ದಂಗೆಯವರೆಲ್ಲ ಇಂದಿನ ಅರ್ಥದ ಪ್ರಜಾಪ್ರಭುತ್ವ ಬಯಸಿದವರಲ್ಲ. ತಮ್ಮ ವತನ, ತಮ್ಮ ಮಾನಕ್ಕಾಗಿ ಎದ್ದವರೂ ಅವರಲ್ಲಿದ್ದರು. ಆಗ ನಮ್ಮ ಸೀಮೆ ಒಂದೇ ಆಡಳಿತದಲ್ಲೂ ಇರಲಿಲ್ಲ. ಗದಗ, ಮುಂಡರಗಿ ಬ್ರಿಟಿಷರ ಕೈಯಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗಲಿಯಲ್ಲಿ. ಒಂದು ಊರು ಕಾದುವಾಗ ಪಕ್ಕದ ಊರು ಸುಮ್ಮನಿದ್ದದ್ದೂ ಉಂಟು. ಇದನ್ನೆಲ್ಲ ಸೇರಿಸಿ ಹೇಳಿದರೆ ಭೀಮರಾವನ ಗೌರವ ಕುಗ್ಗುವುದಿಲ್ಲ. ಸಾಹೇಬನ ಕಥೆಗೆ ಎದುರಾಗಿ ನಾವು ಇನ್ನೊಂದು ಸುಳ್ಳು ಕಥೆ ಕಟ್ಟಿದರೆ ಮಾತ್ರ ಕುಗ್ಗುತ್ತದೆ.

ಕೊನೆಯದಾಗಿ, ಓದಿದ್ದನ್ನು ಕನ್ನಡಕ್ಕೆ ತನ್ನಿ. ಗದಗಿನಲ್ಲಿ 1928ರಲ್ಲಿ ಹುಟ್ಟಿದ ಕೀರ್ತಿನಾಥ ಕುರ್ತಕೋಟಿಯವರು ಗುಜರಾತಿನಲ್ಲಿ ಇಂಗ್ಲಿಷ್ ಪಾಠ ಹೇಳಿದರು, ವಿಮರ್ಶೆಯನ್ನು ಕನ್ನಡದಲ್ಲಿ ಬರೆದರು. ಎರಡು ಭಾಷೆಯನ್ನು ಒಂದೇ ಮನಸ್ಸಿನಲ್ಲಿ ಬಾಳಿಸಬಹುದೆಂದು ಅವರ ಬದುಕೇ ತೋರಿಸಿತು. ನೀವೂ ಹಾಗೆ ಮಾಡಿ. ಈ ವರ್ಷ ಒಂದು ಇಂಗ್ಲಿಷ್ ಕಾದಂಬರಿಯನ್ನು ಗೈಡಿನ ಹಂಗಿಲ್ಲದೆ ಮೂಲದಲ್ಲೇ ಪೂರ್ತಿ ಓದಿ. ಹಮ್ಮಿಗಿಗೆ, ಡಂಬಳಕ್ಕೆ, ಕೊಪ್ಪಳದ ಕೋಟೆಗೆ ಹೋಗಿ ಬನ್ನಿ. ಊರ ಹಿರಿಯರನ್ನು ಕೂರಿಸಿಕೊಂಡು ಕೇಳಿ, ಕೇಳಿದ್ದನ್ನು ಬರೆದಿಡಿ, ಬರೆದದ್ದನ್ನು ದಾಖಲೆಯೊಂದಿಗೆ ತಾಳೆ ನೋಡಿ. ಆಮೇಲೆ ಆ ಕಾದಂಬರಿಯ ಬಗ್ಗೆ ಕನ್ನಡದಲ್ಲಿ ಹತ್ತು ಪುಟ ಬರೆಯಿರಿ. ನಮ್ಮ ನಾಲ್ಕು ಊರುಗಳ ಬಗ್ಗೆ ಮುಂದಿನವರು ಓದುವುದು ನೀವು ಬರೆದದ್ದನ್ನೇ ಆಗಲಿ.